ನನ್ನ ಹೆಸರಿನ ಡಬ್ಬಿ

ಜನವರಿ 17, ಶುಕ್ರವಾರ

ಮಗಳಿಗೆ ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ ಇತ್ತು, ಯಾವ ಕೈ ಮೊದಲು ನಡುಗಿತು, ಇಷ್ಟನ್ನು ಬರೆದಿಡಿ ಎಂದು ಮಂಗಳೂರಿನ ಡಾಕ್ಟರು ಹೇಳಿದರು. ಬರುವಾಗ ಪುತ್ತೂರು ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಂಡೆ. ಅಷ್ಟು ಬರೆಯಲು ಇಷ್ಟು ಪುಟ ಬೇಡ. ಆದರೆ ನನ್ನ ತಲೆಯೊಳಗೆ ಇರುವುದನ್ನು ಯಾರ ಮುಂದೆ ಹೇಳಿದರೂ ಜಗಳವಾಗುತ್ತದೆ. ಇಲ್ಲಿ ಬರೆದರೆ ಎದುರುತ್ತರ ಇಲ್ಲ.

ಮೊದಲ ಸಲ: ಜನವರಿ 13, ಸೋಮವಾರ, ಬೆಳಗ್ಗೆ 9.35. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ. ಎಷ್ಟು ನಿಮಿಷ ಎಂದು ಕೇಳಿದರೆ ಒಬ್ಬ ಟೀಚರು ಎರಡು ಅಂದರು, ಇನ್ನೊಬ್ಬರು ಹತ್ತು ಅಂದರು. ಗಡಿಯಾರ ನೋಡಿದವರು ಯಾರೂ ಇಲ್ಲ. ಮೊಬೈಲಿನಲ್ಲಿ ವಿಡಿಯೋ ತೆಗೆದವರು ಇದ್ದಾರೆ. ನಾನು ಹೋಗಿ ಮುಟ್ಟುವಾಗ ನನ್ನ ಮಗಳು ತನ್ಮಯೀ, ಹದಿಮೂರು ವರ್ಷದವಳು, ಅಂಗಳದ ಮಣ್ಣಿನಲ್ಲಿ ಮಲಗಿದ್ದಳು. ಸ್ಕರ್ಟು ಒದ್ದೆಯಾಗಿತ್ತು. ನಾಲಗೆ ಕಚ್ಚಿಕೊಂಡು ಗಲ್ಲವೆಲ್ಲ ರಕ್ತ. ಬಲಗೈಯಲ್ಲಿ ಡ್ರಿಲ್ ಮಾಸ್ಟ್ರ ಬೀಗದ ಕೈಗಳ ಗೊಂಚಲು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದಂತೆ. ಗೊಂಚಲನ್ನು ಕಸಿದು ಮಾಸ್ಟ್ರ ಕಡೆಗೆ ಎಸೆದೆ. ಅದು ಅವರ ಕಾಲಿಗೆ ತಾಗಿತು ಎಂದು, ಟೀಚರ ಬಾಯಲ್ಲಿ ಕೇಳಿ, ನನ್ನ ಹೆಂಡತಿ ಭಾವನಾ ಈಗಲೂ ಹೇಳುತ್ತಾಳೆ. ತಾಗಲಿ.

ಇವತ್ತು ಸ್ಕ್ಯಾನಿನ ರಿಪೋರ್ಟು. ಡಾಕ್ಟರು ಪಟವನ್ನು ಬೆಳಕಿಗೆ ಹಿಡಿದು ಪೆನ್ನಿನ ತುದಿಯಲ್ಲಿ ತೋರಿಸಿದರು. ಮೆದುಳಿನ ಬಲಬದಿಯಲ್ಲಿ ಒಂದು ಬಿಳಿ ಉಂಗುರ, ಅದರ ನಡುವೆ ಒಂದು ಚುಕ್ಕಿ.

"ಹೆದರ್ಬೇಡಿ, ಕ್ಯಾನ್ಸರ್ ಅಲ್ಲ. ಲಾಡಿಹುಳದ ಮರಿ. ಮೆದುಳಿನಲ್ಲಿ ಗೂಡು ಕಟ್ಟಿದೆ. ಮನೆಯಲ್ಲಿ ಹಂದಿ ಮಾಂಸ ತಿನ್ನುದುಂಟಾ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ನಮ್ಮನ್ನು ನೋಡಿದ್ರೆ ಗೊತ್ತಾಗುದಿಲ್ವಾ ಡಾಕ್ಟ್ರೆ?"

"ಕೂತ್ಕೊಳ್ಳಿ. ಹುಳ ಇರುವ ಮಾಂಸವನ್ನು ಅರ್ಧಂಬರ್ಧ ಬೇಯಿಸಿ ತಿಂದವರಿಗೆ ಹುಳ ಆಗುದು ಕರುಳಿನಲ್ಲಿ. ಅವರಿಗೆ ಹೆಚ್ಚಾಗಿ ಎಂತದೂ ಗೊತ್ತಾಗುದಿಲ್ಲ. ಆ ಹುಳದ ಮೊಟ್ಟೆ ಅವರ ಮಲದಲ್ಲಿ ಹೋಗ್ತದೆ. ಅದು ತೊಳೆಯದ ಕೈಯಿಂದ, ನೀರಿನಿಂದ, ಹಸಿ ತರಕಾರಿಯಿಂದ ಇನ್ನೊಬ್ಬರ ಬಾಯಿಗೆ ಹೋದ್ರೆ ಅವರಿಗೆ ಹೀಗೆ. ಮಗು ಮಾಂಸ ತಿನ್ಬೇಕೂಂತ ಇಲ್ಲ."

"ಅಂದ್ರೆ ಯಾರದ್ದೋ ಮಲ," ಎಂದಳು ಭಾವನಾ. ಎದ್ದು ಹೊರಗೆ ಹೋದಳು. ನಾನು ಒಬ್ಬನೇ ಕೂತು ಉಳಿದದ್ದನ್ನು ಕೇಳಿದೆ. ಫಿಟ್ಸಿಗೆ ಒಂದು ಮಾತ್ರೆ, ಹುಳಕ್ಕೆ ಒಂದು, ಊತ ಇಳಿಯಲು ಒಂದು. ಮನೆಯಲ್ಲಿ ಇರುವವರ, ಊಟ ತರಕಾರಿ ಮುಟ್ಟುವವರ ಮಲಪರೀಕ್ಷೆ. ಮೂರು ತಿಂಗಳ ನಂತರ ಮತ್ತೆ ಸ್ಕ್ಯಾನು. ಶಾಲೆಯಲ್ಲಿ ವರ್ಷಕ್ಕೆ ಎರಡು ಸಲ ಹುಳದ ಮಾತ್ರೆ ಕೊಡುತ್ತಾರಲ್ಲ ಎಂದು ಕೇಳಿದೆ. ಅದು ಹೊಟ್ಟೆಯ ಹುಳಕ್ಕೆ, ತಲೆಗೆ ಹೋದದ್ದಕ್ಕೆ ಒಂದು ಮಾತ್ರೆ ಸಾಲದು ಎಂದರು.

ಯಾರದ್ದೋ. ಆ ಯಾರೋ ಯಾರೆಂದು ಗೊತ್ತಾಗದೆ ನಾನು ಬಿಡುವವನಲ್ಲ.

ಜನವರಿ 19, ಭಾನುವಾರ

ಭಾವನಾ ಶಾಲೆಯ ನೀರು ಎನ್ನುತ್ತಾಳೆ. ಅವಳ ಅಕ್ಕ ಫೋನ್ ಮಾಡಿ ಸುಬ್ರಹ್ಮಣ್ಯದಲ್ಲಿ ಒಂದು ಸೇವೆ ಮಾಡಿಸಿ ಎಂದಳು. ಮೊದಲು ಮದ್ದು ಮುಗಿಯಲಿ ಎಂದು ಫೋನ್ ಇಟ್ಟೆ.

ನನಗೆ ಗೊತ್ತು. ನಮ್ಮ ತರಕಾರಿ ಎಲ್ಲ ಬರುವುದು ತೋಟದ ಕೆಳಗೆ ಹರಿಯುವ ತೋಡಿನ ಬದಿಯ ತುಂಡು ಜಾಗದಿಂದ. ಅಲ್ಲಿ ಹರಿವೆ, ಮುಳ್ಳುಸೌತೆ, ಅಲಸಂಡೆ ಬೆಳೆಸುವವನು ಚನಿಯಪ್ಪ. ಹತ್ತೊಂಬತ್ತು ವರ್ಷದಿಂದ ನಮ್ಮ ತೋಟದ ಕೆಲಸಕ್ಕೆ ಬರುವವನು. ತೋಡಿನ ಆಚೆ ಅವನ ಮನೆ, ಅವನು ಮತ್ತು ಹೆಂಡತಿ. ಪಂಚಾಯತಿನಿಂದ ಕಟ್ಟಿಸಿದ ಪಾಯಖಾನೆ ಉಂಟು ಎನ್ನುತ್ತಾನೆ. ಯಾವಾಗ ನೋಡಿದರೂ ಬಾಗಿಲು ಹಾಕಿಯೇ ಇರುತ್ತದೆ, ಒಳಗೆ ಕಟ್ಟಿಗೆ ತುಂಬಿಸಿಟ್ಟಿರಬೇಕು. ತಿನ್ನುವುದು, ಕುಡಿಯುವುದು ಎಲ್ಲ ಉಂಟು ಅವನಿಗೆ.

ಬೆಳಗ್ಗೆ ಅವನನ್ನು ಅಂಗಳಕ್ಕೆ ಕರೆದೆ. "ಇನ್ನು ನೀನು ತರಕಾರಿ ಮುಟ್ಟುದು ಬೇಡ."

"ಎಂತ ಆಯ್ತು ಅಣ್ಣೆರೆ?"

"ಮಗುವಿನ ತಲೆಯಲ್ಲಿ ಎಂತ ಉಂಟೂಂತ ಗೊತ್ತುಂಟಾ ನಿನಗೆ? ಹಂದಿಯ ಹುಳ. ಈ ಜಾಗದಲ್ಲಿ ಹಂದಿ ತಿನ್ನುವವರು ಯಾರು ಹೇಳು."

ಅವನು ಸೊಂಟದ ಕತ್ತಿ ತೆಗೆದು ಕಟ್ಟೆಯ ಮೇಲಿಟ್ಟ. ಮತ್ತೆ ಕೇಳಿದ, "ಮಗು ಈಗ ಹೇಗಿದ್ದಾಳೆ?"

ಅದನ್ನು ಕೇಳುವವನು ಇವನು. ಎಂಥ ಧೈರ್ಯ.

ಜನವರಿ 21, ಮಂಗಳವಾರ

ಬೆಳಗ್ಗೆ ಹಾಲು ಕೊಡಲು ಹೋದಾಗ ಸೊಸೈಟಿಯ ಜಗಲಿಯಲ್ಲಿ ಎಂಟು ಹತ್ತು ಜನ ಇದ್ದರು. ಸೆಕ್ರೆಟರಿ ಲತೀಶ್ ಹಾಲು ಅಳೆಯುತ್ತ ತನ್ಮಯೀ ಹೇಗಿದ್ದಾಳೆ ಎಂದು ಕೇಳಿದ. ಹೇಳಿದೆ. ಎಲ್ಲ ಹೇಳಿದೆ. ಚನಿಯಪ್ಪನ ಹೆಸರನ್ನೂ ಹೇಳಿದೆ. ಯಾಕೆ ಹೇಳಬಾರದು? ಅವನು ಇನ್ನೂ ನಾಲ್ಕು ಮನೆಗೆ ಕೆಲಸಕ್ಕೆ ಹೋಗುತ್ತಾನೆ. ಅವರ ಮಕ್ಕಳೂ ಮಕ್ಕಳೇ.

ಎಲ್ಲರೂ ತಲೆಯಾಡಿಸಿದರು. ಒಂದು ವಾರದಲ್ಲಿ ಮೊದಲ ಸಲ ಮನಸ್ಸಿಗೆ ಹಗುರವಾಯಿತು.

ಜನವರಿ 23, ಗುರುವಾರ

ಎರಡನೇ ಸಲ: ಬೆಳಗ್ಗೆ 7.50. ಎರಡೂವರೆ ನಿಮಿಷ. ಎಡಗೈ ಮೊದಲು.

ಭಾವನಾಳಿಗೆ ಪುತ್ತೂರಿನಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ, ಏಳೂವರೆಯ ಬಸ್ಸಿಗೆ ಹೋಗುತ್ತಾಳೆ. ಬೆಳಗಿನ ಅವಲಕ್ಕಿ ಕಲಸುವುದು ನಾನು, ತನ್ಮಯೀ ಒಂದನೇ ಕ್ಲಾಸಿಗೆ ಸೇರಿದಾಗಿನಿಂದ. ಕಾಯಿತುರಿ, ಬೆಲ್ಲ ಹಾಕಿ ಕೈಯಲ್ಲಿ ಚೆನ್ನಾಗಿ ಹಿಸುಕಬೇಕು. ಚಮಚದಲ್ಲಿ ಕಲಸಿದ್ದನ್ನು ಅವಳು ಮುಟ್ಟುವುದಿಲ್ಲ. ಮೂರು ತುತ್ತು ತಿಂದಿದ್ದಳು. ಎಡಗೈ ತಟ್ಟೆಗೆ ಬಡಿಯಲು ಶುರುವಾಯಿತು. ಬದಿಗೆ ತಿರುಗಿಸಿ ಮಲಗಿಸಿದೆ, ಬಾಯಿಗೆ ಏನೂ ಹಾಕಲಿಲ್ಲ, ಗಡಿಯಾರ ನೋಡಿದೆ. ಡಾಕ್ಟರು ಹೇಳಿದ್ದನ್ನೆಲ್ಲ ಮಾಡಿದೆ. ಎರಡೂವರೆ ನಿಮಿಷ ಎಷ್ಟು ಉದ್ದ ಎಂದು ಗಡಿಯಾರ ನೋಡಿದವನಿಗೇ ಗೊತ್ತು.

ಅವಳು ನಿದ್ದೆ ಹೋದ ಮೇಲೆ, ಪಕ್ಕದ ಮನೆಯವರನ್ನು ಕೂರಿಸಿ, ಚನಿಯಪ್ಪನ ಪಾಯಖಾನೆ ನೋಡಲು ಹೋದೆ. ಬಾಗಿಲು ತಳ್ಳಿದೆ. ಸ್ವಚ್ಛ ಇತ್ತು. ಬಕೆಟಿನಲ್ಲಿ ನೀರು, ಹೊರಗೆ ಕಲ್ಲಿನ ಮೇಲೆ ಸಾಬೂನಿನ ತುಂಡು. ನಾನು ಬರುತ್ತೇನೆಂದು ಗೊತ್ತಾಗಿ ತೊಳೆದಿಟ್ಟಿರಬೇಕು.

ಜನವರಿ 25, ಶನಿವಾರ

ಊರಿನ ಆರೋಗ್ಯ ಉಪಕೇಂದ್ರದಿಂದ ಒಬ್ಬಳು ಹುಡುಗಿ ಬಂದಿದ್ದಳು. ಆಫ್ರಾ ಎಂದು ಹೆಸರು. ಇಪ್ಪತ್ತೈದು ಆಗಿರಬಹುದು. ಸಮುದಾಯ ಆರೋಗ್ಯ ಅಧಿಕಾರಿಯಂತೆ. ಸ್ಕೂಟರಿನ ಡಿಕ್ಕಿಯಿಂದ ಪ್ಲಾಸ್ಟಿಕ್ ಡಬ್ಬಿಗಳನ್ನು ತೆಗೆದು ನಮ್ಮ ಜಗಲಿಯಲ್ಲಿ ಸಾಲಾಗಿ ಇಟ್ಟಳು. ಒಬ್ಬೊಬ್ಬರಿಗೆ ಮೂರು, ಮೂರು ದಿನದ್ದು. ಚೀಟಿ ಅಂಟಿಸಿ ಹೆಸರು ಬರೆದಿದ್ದಳು. ಚನಿಯಪ್ಪನದ್ದು, ಅವನ ಹೆಂಡತಿಯದ್ದು, ಭಾವನಾಳದ್ದು, ತನ್ಮಯೀದು, ನನ್ನದು.

"ಸರ್, ಹಂದಿ ಮಾಂಸ ಯಾವತ್ತಾದ್ರೂ ತಿಂದದ್ದುಂಟಾ? ಹಿಂದೆ, ಒಂದು ಸಲ ಆದ್ರೂ?"

"ನಿಮಗೂ ಆಗದ್ದು, ನಮಗೂ ಆಗದ್ದು. ನೀವೇ ಆ ಪ್ರಶ್ನೆ ಕೇಳುದಾ?"

"ಕೇಳುದು ನನ್ನ ಕೆಲಸ ಸರ್. ಎಲ್ಲರ ಹತ್ರವೂ ಕೇಳ್ತೇನೆ."

"ಇಲ್ಲ ಅಂತ ಬರ್ಕೊಳ್ಳಿ."

ಬರೆದುಕೊಂಡಳು. ಬರೆದ ಮೇಲೆ ಒಮ್ಮೆ ನನ್ನ ಮುಖ ನೋಡಿದಳು. ಇಂಥವರನ್ನೆಲ್ಲ ಮನೆಮನೆಗೆ ಕಳಿಸುತ್ತಾರೆ.

ಈ ಪುಸ್ತಕ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ತಿಂದಿದ್ದೇನೆ. ಸುಳ್ಯದಲ್ಲಿ ಜತ್ತಪ್ಪನ ಮನೆಯಲ್ಲಿ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು ಅವನು. ವರ್ಷಕ್ಕೆ ಮೂರು ನಾಲ್ಕು ಸಲ, ಹತ್ತು ವರ್ಷದಿಂದ. ಭಾವನಾಳಿಗೆ ಗೊತ್ತಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನನಗೆ ಹೊಟ್ಟೆನೋವಿಲ್ಲ, ತೂಕ ಇಳಿದಿಲ್ಲ, ಎರಡು ಹೊತ್ತು ಸ್ನಾನ ಮಾಡುವವನು ನಾನು.

ನನ್ನ ಹೆಸರಿನ ಮೂರು ಡಬ್ಬಿಗಳನ್ನು ಅಟ್ಟದ ಏಣಿಯ ಹಿಂದೆ ಇಟ್ಟಿದ್ದೇನೆ.

ಫೆಬ್ರವರಿ 1, ಶನಿವಾರ

ಚನಿಯಪ್ಪನದ್ದು ಏನೂ ಇಲ್ಲ. ಅವನ ಹೆಂಡತಿಯದ್ದೂ ಏನೂ ಇಲ್ಲ. ಭಾವನಾ, ತನ್ಮಯೀ ಇಬ್ಬರದ್ದೂ ಇಲ್ಲ. ಸರಕಾರಿ ಲ್ಯಾಬಿನಲ್ಲಿ ಕಣ್ಣು ಬಿಟ್ಟು ನೋಡುತ್ತಾರೋ ಇಲ್ಲವೋ.

ಸಂಜೆ ಚನಿಯಪ್ಪ ಅಂಗಳಕ್ಕೆ ಬಂದ. ಯಾವಾಗಲೂ ಲುಂಗಿ ಇಳಿಸಿ ನಿಲ್ಲುವವನು, ಇವತ್ತು ಪ್ಯಾಂಟು ಹಾಕಿಕೊಂಡಿದ್ದ. ತುಳುವಿನಲ್ಲಿ ಮಾತಾಡುವವನು ಇವತ್ತು ಕನ್ನಡದಲ್ಲೇ ಹೇಳಿದ.

"ಮೂರು ದಿನ ಡಬ್ಬಿಯಲ್ಲಿ ಕೊಟ್ಟೆ ಅಣ್ಣೆರೆ. ನನ್ನ ಹೆಂಡತಿಯೂ ಕೊಟ್ಟಳು, ಮೂರು ದಿನ ಅತ್ತುಕೊಂಡು ಕೊಟ್ಟಳು. ಈಗ ನಾಲ್ಕು ಮನೆಯವರೂ ನನ್ನನ್ನು ಕರೆಯುದಿಲ್ಲ. ಒಬ್ಬರು ಗೇಟಿನ ಹೊರಗೇ ನಿಲ್ಲು ಅಂದ್ರು. ನಿಮ್ಮದು ಕೊಟ್ಟಿದ್ದೀರಾ?"

"ನನ್ನದು ಯಾಕೆ?"

"ಕೇಳಿದೆ ಅಷ್ಟೆ." ಹೋಗಲು ತಿರುಗಿ ಹೇಳಿದ, "ನಾಳೆಯಿಂದ ನಾನು ಬರುದಿಲ್ಲ. ಕೊಯಿಲದ ಹತ್ರ ಒಂದು ತೋಟದಲ್ಲಿ ಕೆಲಸ ಉಂಟು. ಅಲ್ಲಿಯೇ ಮನೆಯೂ ಕೊಡ್ತಾರೆ."

ಹೋಗಲಿ. ಹತ್ತೊಂಬತ್ತು ವರ್ಷ ಉಂಡ ಮನೆಯ ಯಜಮಾನನಿಗೆ ಕೇಳುವ ಪ್ರಶ್ನೆಯಾ ಅದು?

ಫೆಬ್ರವರಿ 3, ಸೋಮವಾರ

ಆ ಹುಡುಗಿ ಮತ್ತೆ ಬಂದಳು, ಭಾವನಾ ಮನೆಗೆ ಬರುವ ಹೊತ್ತು ನೋಡಿಕೊಂಡೇ ಬಂದಳು. "ಹನ್ನೆರಡು ಡಬ್ಬಿ ಬಂದಿದೆ. ಮೂರು ಬಾಕಿ," ಎಂದಳು. ಬಾಕಿ ಯಾರದ್ದೆಂದು ಹೇಳಲಿಲ್ಲ. ಭಾವನಾ ನನ್ನ ಕಡೆ ನೋಡಿದಳು. ಕೆಲಸದ ಗಡಿಬಿಡಿಯಲ್ಲಿ ಮರೆತುಹೋಯಿತು ಎಂದೆ.

ನಮ್ಮ ಪಾಯಖಾನೆ ನೋಡಬೇಕಂತೆ. ನೋಡಿದಳು. "ಸಾಬೂನು ಎಲ್ಲಿ ಇಡ್ತೀರಿ?"

"ಬಚ್ಚಲಿನಲ್ಲಿ ಉಂಟು. ಸ್ನಾನಕ್ಕೆ," ಎಂದಳು ಭಾವನಾ.

"ಇಲ್ಲಿಂದ ಹೊರಗೆ ಬಂದ ಮೇಲೆ?"

ನೀರಿನಲ್ಲಿ ತೊಳೆಯುತ್ತೇವೆ ಎಂದೆ. ಹೊರಗಿನಿಂದ ಬಂದವರು ಕಾಲು ತೊಳೆಯದೆ ಒಳಗೆ ಕಾಲಿಡದ ಮನೆ ಇದು. ಇವಳು ನಮಗೆ ಶುದ್ಧ ಕಲಿಸುವುದು.

"ಮನೆಯಲ್ಲಿ ಬೇಯಿಸದೆ, ಕೈಯಲ್ಲಿ ಕಲಸಿ ಕೊಡುವಂಥದ್ದು ಎಂತ ಮಾಡ್ತೀರಿ? ಯಾರು ಮಾಡುದು?"

"ಬೆಳಗ್ಗೆ ಅವಲಕ್ಕಿ," ಎಂದಳು ಭಾವನಾ. "ಇವರು ಕಲಸುದು."

ಆಗ ನಾನು ಬೈದೆ. ಏನು ಬೈದೆ ಎಂದು ಪೂರ್ತಿ ನೆನಪಿಲ್ಲ. ನಿಮ್ಮ ಮನೆಯಲ್ಲಿ ಹೋಗಿ ಕೇಳಿ ಎಂದೆ, ಇನ್ನು ಈ ಅಂಗಳಕ್ಕೆ ಕಾಲಿಟ್ಟರೆ ಮೇಲಿನವರಿಗೆ ಬರೆಯುತ್ತೇನೆ ಎಂದೆ. ಅವಳು ಚೀಲದ ಜಿಪ್ಪು ಎಳೆಯುತ್ತ ಪೂರ್ತಿ ಕೇಳಿಸಿಕೊಂಡಳು.

"ಬರೀರಿ ಸರ್. ನಂಬರು ನಾನೇ ಕೊಡ್ತೇನೆ. ತಲೆಯಲ್ಲಿ ಇರುವ ಹುಳ ಮದ್ದಿಗೆ ಸಾಯ್ತದೆ. ಆದ್ರೆ ಮೊಟ್ಟೆ ಬರುವ ಜಾಗ ಮನೆಯೊಳಗೇ ಇದ್ರೆ ಇನ್ನೊಂದು ಆಗ್ತದೆ, ಮತ್ತೊಂದು ಆಗ್ತದೆ. ಕಣ್ಣಿಗೂ ಹೋಗ್ಬಹುದು. ನಾನು ಬರುದು ತನ್ಮಯೀಗೋಸ್ಕರ."

ಸ್ಕೂಟರು ಹೊರಗೆ ಹೋದ ಮೇಲೆ ಗೇಟಿಗೆ ಕೊಂಡಿ ಹಾಕಿ ಬಂದೆ.

ಫೆಬ್ರವರಿ 4

ಇವತ್ತು ಅವಲಕ್ಕಿ ಕಲಸಲಿಲ್ಲ. ಬೆರಳು ಕೊಯ್ದಿದೆ ಎಂದೆ. ಅಂಗಡಿಯಿಂದ ಬನ್ನು ತಂದುಕೊಟ್ಟೆ.

ಫೆಬ್ರವರಿ 9, ಭಾನುವಾರ

ಸುಳ್ಯಕ್ಕೆ ಹೋಗಿ ಜತ್ತಪ್ಪನೊಡನೆ ಜಗಳ ಮಾಡಿ ಬಂದೆ. ಹೋದದ್ದೇ ಜಗಳಕ್ಕೆ. ಜಗಲಿ ಹತ್ತುವ ಮೊದಲೇ ಶುರು ಮಾಡಿದೆ. ಯಾವ ಹಂದಿ ತಂದೆ, ಎಲ್ಲಿಂದ ತಂದೆ, ನನ್ನ ಮಗಳ ತಲೆಯಲ್ಲಿ ಹುಳ ಉಂಟು ಗೊತ್ತುಂಟಾ ಎಂದು. ಅವನ ಹೆಂಡತಿ ದಮಯಂತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು.

"ಎರಡು ಗಂಟೆ ಬೇಯಿಸ್ತೇನೆ ನಾನು," ಎಂದರು. "ಎಲುಬಿನಿಂದ ಮಾಂಸ ಬಿಡುವವರೆಗೆ. ನಮ್ಮ ಮೂರು ಮಕ್ಕಳೂ ಅದನ್ನೇ ತಿಂದು ಬೆಳೆದದ್ದು."

ಜತ್ತಪ್ಪ ಅಷ್ಟು ಸುಲಭಕ್ಕೆ ಸಿಟ್ಟಾಗುವವನಲ್ಲ. ಇವತ್ತು ಆದ. "ನಾಳೆ ಬೆಳಗ್ಗೆ ನಾನು, ಇವಳು, ಮನೆಯಲ್ಲಿರುವವರು ಎಲ್ಲ ಹೋಗಿ ಟೆಸ್ಟ್ ಮಾಡಿಸ್ತೇವೆ. ರಿಪೋರ್ಟು ನಿಮಗೇ ಕಳಿಸ್ತೇನೆ. ಆದ್ರೆ ಭಟ್ರೆ, ನೆಲ್ಯಾಡಿಗೆ ರಬ್ಬರ್ ಸಸಿ ನೋಡ್ಲಿಕ್ಕೆ ಹೋದದ್ದು ನೆನಪುಂಟಾ? ಎರಡು ವರ್ಷ ಆಯ್ತು. ಹೈವೇ ಬದಿಯಲ್ಲಿ ಒಂದು ಶೆಡ್ಡಿನವ ಕೆಂಡದ ಮೇಲೆ ಸುಟ್ಟು ಕೊಡ್ತಿದ್ದ. ಒಳಗೆ ಕೆಂಪಿತ್ತು. ಇದು ಬೆಂದಿಲ್ಲ ಮಾರಾಯ್ರೆ, ಬೇಡಾಂತ ನಾನು ಹೇಳಿದೆ. ನೀವು ನನ್ನ ಪಾಲನ್ನೂ ತಿಂದ್ರಿ."

ನೆನಪಿಲ್ಲ ಎಂದೆ.

"ಹತ್ತು ವರ್ಷದಿಂದ ಇಲ್ಲಿ ಉಂಡು, ಹಿತ್ತಿಲಿಗೆ ಹೋಗಿ ಬಾಯಿ ತೊಳೆದು, ಏಲಕ್ಕಿ ಜಗಿದು ಬಸ್ಸು ಹತ್ತಿದ್ದೀರಿ. ನಾನು ಯಾರ ಹತ್ರವೂ ಒಂದು ಮಾತು ಹೇಳ್ಲಿಲ್ಲ. ಒಂದು ಸಲ ಆದ್ರೂ ನಮ್ಮಿಬ್ಬರನ್ನು ನಿಮ್ಮ ಮನೆಗೆ ಊಟಕ್ಕೆ ಕರೆದದ್ದುಂಟಾ? ಇವತ್ತು ಹುಳ ಮಾತ್ರ ನಮ್ಮದು."

ವಾಪಸು ಬರುವಾಗ ಬಸ್ಸಿನಲ್ಲಿ ನಿಂತೇ ಬಂದೆ. ನೆನಪಿಲ್ಲ ಎಂದದ್ದು ಸುಳ್ಳು. ಒಳಗೆ ಕೆಂಪಿತ್ತು. ನಿಂಬೆಹುಳಿ ಹಿಂಡಿ ಕೊಟ್ಟಿದ್ದ.

ಫೆಬ್ರವರಿ 11, ಮಂಗಳವಾರ

ಬೆಳಗ್ಗೆ ಪಾಯಖಾನೆಯಲ್ಲಿ ಟಾರ್ಚು ಹಿಡಿದು ನೋಡಿದೆ. ಬಿಳಿ, ಚಪ್ಪಟೆ, ಉಗುರಿನಷ್ಟು ಉದ್ದ. ಎರಡು ಇದ್ದವು.

ಇದೇ ಮೊದಲ ಸಲ ಕಂಡದ್ದಾಗಿದ್ದರೆ ಒಳ್ಳೆಯದಿತ್ತು. ಕಳೆದ ಮಳೆಗಾಲದಲ್ಲಿ ಕಂಡಿದ್ದೆ. ಅದರ ಮೊದಲೂ ಕಂಡಿದ್ದೆ. ಬಾಳೆಹಣ್ಣಿನ ನಾರು ಇರಬೇಕು ಎಂದು ನೀರು ಹೊಯ್ದು ಬಂದಿದ್ದೆ. ಬಂದು, ಕೈಗೆ ನೀರು ಹಾಕಿಕೊಂಡು, ಅವಲಕ್ಕಿ ಕಲಸಿದ್ದೆ.

ಏಣಿಯ ಹಿಂದಿನ ಡಬ್ಬಿ ತೆಗೆದೆ.

ಉಪಕೇಂದ್ರಕ್ಕೆ ನಾನೇ ಕೊಂಡುಹೋದೆ. ಅಲ್ಲಿ ನಾಲ್ಕು ಜನ ಬಿ.ಪಿ. ನೋಡಿಸಲು ಕೂತಿದ್ದರು. ಎಲ್ಲರಿಗೂ ನನ್ನ ಗುರುತು ಉಂಟು. ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿದ್ದೆ. ಆಫ್ರಾ ಪೇಪರು ಬಿಚ್ಚದೆ ಹಾಗೆಯೇ ಒಳಗೆ ತೆಗೆದುಕೊಂಡು 'ಇನ್ನೆರಡು ದಿನದ್ದೂ ತನ್ನಿ ಸರ್' ಎಂದಷ್ಟೇ ಹೇಳಿದಳು. ಎರಡು ಮಾತು ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಫೆಬ್ರವರಿ 15, ಶನಿವಾರ

ಉಂಟು. ನನ್ನದರಲ್ಲಿ ಉಂಟು.

ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಆಫ್ರಾಳ ಎದುರಿಗೇ ನುಂಗಬೇಕಾಯಿತು. ನುಂಗಿದ ಮೇಲೆ ಕೇಳಿದೆ, "ಇಷ್ಟೇನಾ?"

"ಇಷ್ಟೇ ಸರ್. ಇನ್ನೊಂದು ಸಲ ಟೆಸ್ಟ್ ಮಾಡ್ಬೇಕು, ಅಷ್ಟೆ."

ಒಂದು ಗುಟುಕು ನೀರಿನ ಕೆಲಸ. ಎರಡು ವರ್ಷದ ಹಿಂದೆ ಮಾಡಿದ್ದರೆ ಆಗುತ್ತಿತ್ತು. ಒಂದು ವರ್ಷದ ಹಿಂದೆ ಮಾಡಿದ್ದರೂ ಆಗುತ್ತಿತ್ತು.

ಮನೆಯಲ್ಲಿ ಹೇಳಬೇಡಿ ಎಂದು ಕೇಳಿಕೊಂಡೆ.

"ನಾನು ಯಾರ ಹತ್ರವೂ ಹೇಳುದಿಲ್ಲ. ನೀವೇ ಹೇಳ್ಬೇಕು. ಅವರ ಟೆಸ್ಟ್ ಇನ್ನೊಮ್ಮೆ ಮಾಡ್ಬೇಕಲ್ಲ, ಯಾಕೇಂತ ಕೇಳಿದ್ರೆ ಎಂತ ಹೇಳ್ತೀರಿ?" ಮತ್ತೆ ಹೇಳಿದಳು, "ತಿಂದದ್ದು ತಪ್ಪೂಂತ ನಾನು ಹೇಳುದಿಲ್ಲ ಸರ್. ಬೇಯಿಸದೆ ತಿಂದದ್ದು, ಸಾಬೂನು ಹಾಕದೆ ಕಲಸಿದ್ದು. ಅಷ್ಟು ಮಾತ್ರ ನನ್ನ ಲೆಕ್ಕ."

ಫೆಬ್ರವರಿ 16, ಭಾನುವಾರ

ಹೇಳಿದೆ.

ಭಾವನಾ ಅಲಸಂಡೆ ಮುರಿಯುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಮುರಿಯುತ್ತಲೇ ಇದ್ದಳು. ಸುಳ್ಯದ ಸುದ್ದಿ, ನೆಲ್ಯಾಡಿಯ ಸುದ್ದಿ, ಕಳೆದ ಮಳೆಗಾಲದ್ದು. ಜಾತಿ, ಜನಿವಾರ ಎಂದು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆ ಉತ್ತರ ತಯಾರು ಮಾಡಿಟ್ಟುಕೊಂಡಿದ್ದೆ.

"ತಿಂದದ್ದಕ್ಕೆ ನನಗೆ ಸಿಟ್ಟಿಲ್ಲ," ಎಂದಳು. "ಗೊತ್ತಾಗದೆ ಇದ್ದಾಗ ಆದದ್ದಕ್ಕೂ ಇಲ್ಲ. ಡಾಕ್ಟ್ರು ಹೇಳಿದ್ದು ಹದಿನೇಳನೇ ತಾರೀಕಿಗೆ. ನೀವು ಅವಲಕ್ಕಿ ಬಿಟ್ಟದ್ದು ನಾಲ್ಕಕ್ಕೆ. ಹದಿನೇಳು ಬೆಳಗ್ಗೆ. ತಿಂದದ್ದು ಗೊತ್ತಿತ್ತು, ಡಬ್ಬಿ ಅಡಗಿಸಿ ಇಟ್ಟದ್ದು ಗೊತ್ತಿತ್ತು. ಗೊತ್ತಿದ್ದೂ ಆ ಕೈಯಲ್ಲಿ ನನ್ನ ಮಗಳಿಗೆ ಹದಿನೇಳು ಬೆಳಗ್ಗೆ ಕಲಸಿ ಕೊಟ್ಟಿರಿ."

ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿದೆ. ಹದಿನೇಳೇ.

ಅವಳು ಬುಟ್ಟಿ ತೆಗೆದುಕೊಂಡು ಒಳಗೆ ಹೋದಳು.

ಫೆಬ್ರವರಿ 23, ಭಾನುವಾರ

ಭಾವನಾ ಮಾತಾಡುವುದಿಲ್ಲ. ಏನಾದರೂ ಹೇಳಬೇಕಿದ್ದರೆ ತನ್ಮಯೀಗೆ ಹೇಳುತ್ತಾಳೆ, 'ಅಪ್ಪನಿಗೆ ಹೇಳು' ಎಂದು. ನಾನು ಅಲ್ಲಿಯೇ ಇರುತ್ತೇನೆ.

ಫಿಟ್ಸ್ ಬಂದು ಇವತ್ತಿಗೆ ಒಂದು ತಿಂಗಳು. ಮಾತ್ರೆಗೆ ಅವಳಿಗೆ ನಿದ್ದೆ ಬರುತ್ತದೆ, ಕ್ಲಾಸಿನಲ್ಲಿ ತೂಕಡಿಸುತ್ತಾಳೆ. ತರಗತಿಯಲ್ಲಿ ಒಬ್ಬಳು ಅವಳ ಪಕ್ಕ ಕೂರುವುದಿಲ್ಲವಂತೆ, ಹುಳ ಹಾರಿ ಬರುತ್ತದೆ ಎಂದು. ಟೀಚರಿಗೆ ಫೋನ್ ಮಾಡಿ ಗಲಾಟೆ ಮಾಡಲು ಹೊರಟೆ. ತನ್ಮಯೀ ಫೋನ್ ಹಿಡಿದುಕೊಂಡಳು. "ಬೇಡ ಅಪ್ಪ. ನಾನೇ ಹೇಳಿ ಆಯ್ತು. ಬೋರ್ಡಿನಲ್ಲಿ ಚಿತ್ರ ಬಿಡಿಸಿ ಹೇಳಿದೆ."

"ಎಂತ ಚಿತ್ರ?"

"ಹಂದಿ, ಮನುಷ್ಯ, ಕೈ, ಬಾಯಿ. ಬಾಣದ ಗುರುತು ಹಾಕಿ." ಫೋನ್ ವಾಪಸು ಕೊಡುತ್ತ ಕೇಳಿದಳು, "ಅಪ್ಪ, ಅದು ತಿನ್ಲಿಕ್ಕೆ ಹೇಗಿರ್ತದೆ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಲಾಯ್ಕ ಇರುತ್ತದೆ, ರುಚಿ ಉಂಟು ಎಂದೆ. ಇನ್ನು ಈ ಮಗುವಿಗೆ ಸುಳ್ಳು ಹೇಳಿ ಏನಾಗಬೇಕು?

ಮಾರ್ಚ್ 2, ಭಾನುವಾರ

ಕೊಯಿಲಕ್ಕೆ ಹೋಗಿದ್ದೆ. ಜಾನುವಾರು ಫಾರ್ಮಿನಿಂದ ಮುಂದೆ ಎರಡು ಕಿಲೋಮೀಟರು ನಡೆಯಬೇಕು. ಚನಿಯಪ್ಪ ಸ್ಪ್ರಿಂಕ್ಲರ್ ಪೈಪು ಜೋಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಲ್ಲಲಿಲ್ಲ, ಪೈಪು ಜೋಡಿಸಿ ಮುಗಿಸಿದ ಮೇಲೆಯೇ ಎದ್ದ. ಅವನ ಹೆಂಡತಿ ನನ್ನನ್ನು ನೋಡಿ ಒಳಗೆ ಹೋದಳು.

ನನ್ನದೇ ಆಗಿತ್ತು ಎಂದೆ. ತಪ್ಪಾಯಿತು ಎಂದೆ. ಆ ಶಬ್ದವನ್ನು ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಹೋಗಿದ್ದೆ, ಹೇಳುವಾಗ ಒಣಗಿತ್ತು.

"ಮಗು ಹೇಗಿದ್ದಾಳೆ?" ಎಂದು ಕೇಳಿದ.

"ಒಂದು ತಿಂಗಳಿನಿಂದ ಫಿಟ್ಸ್ ಬರ್ಲಿಲ್ಲ."

"ಒಳ್ಳೆದಾಯ್ತು." ಕೈ ಒರೆಸಿಕೊಂಡ. "ನೀವು ಇಷ್ಟು ದೂರ ಬಂದು ಹೇಳಿದ್ರಿ. ಸರಿ. ಆದ್ರೆ ನನ್ನ ಹೆಸರು ಹೇಳಿದ್ದು ನೀವು ಇಲ್ಲಿ ಅಲ್ಲ ಅಣ್ಣೆರೆ. ಸೊಸೈಟಿಯಲ್ಲಿ. ಹತ್ತು ಜನ ಇದ್ದಾಗ."

ವಾಪಸು ಬಾ ಎಂದು ಕರೆದೆ. ಬರುವುದಿಲ್ಲ ಎಂದ. ಇಲ್ಲಿ ಹೆಂಡತಿಗೆ ಸಮಾಧಾನ ಉಂಟಂತೆ. ನನಗೆ ಕೂರಲು ಹೇಳಲಿಲ್ಲ, ನೀರು ಕೊಡಲಿಲ್ಲ. ಕೊಡಬೇಕೆಂದು ಯಾವ ಬಾಯಲ್ಲಿ ಹೇಳಲಿ?

ಮಾರ್ಚ್ 3, ಸೋಮವಾರ

ಸೊಸೈಟಿಯ ಜಗಲಿ, ಬೆಳಗ್ಗೆ ಆರೂಮುಕ್ಕಾಲು. ಹನ್ನೊಂದು ಜನ ಇದ್ದರು.

"ಒಂದು ವಿಷಯ ಹೇಳ್ಲಿಕ್ಕುಂಟು," ಎಂದೆ. "ನನ್ನ ಮಗಳಿಗೆ ಹುಳ ಆದದ್ದು ಚನಿಯಪ್ಪನಿಂದ ಅಲ್ಲ. ನನ್ನಿಂದ. ಹುಳ ನನ್ನ ಹೊಟ್ಟೆಯಲ್ಲಿತ್ತು."

"ನಿಮಗೆ ಹೇಗೆ ಮಾರಾಯ್ರೆ?" ಎಂದು ಕೇಳಿದ ಲತೀಶ್.

"ಹಂದಿ ತಿಂದು. ಸರಿಯಾಗಿ ಬೇಯದ್ದು."

ಒಬ್ಬ ನಕ್ಕ. ಉಳಿದವರು ನಗಲಿಲ್ಲ, ಅದು ಇನ್ನೂ ಕಷ್ಟ. ನಮ್ಮವರೇ ಒಬ್ಬರು ಕ್ಯಾನು ಎತ್ತಿಕೊಂಡು ಜಗಲಿಯ ಆಚೆ ತುದಿಗೆ ಹೋದರು. ನಾನು ಅವರ ಹಿಂದೆಯೇ ಹೋಗಿ ಇನ್ನೊಮ್ಮೆ ಹೇಳಿದೆ, ಚನಿಯಪ್ಪನ ರಿಪೋರ್ಟಿನಲ್ಲಿ ಏನೂ ಇರಲಿಲ್ಲ, ಅವನ ಹೆಂಡತಿಯದ್ದರಲ್ಲೂ ಇರಲಿಲ್ಲ, ನೀವು ಗೇಟಿನ ಹೊರಗೆ ನಿಲ್ಲಿಸಿದ್ದು ಯಾವ ತಪ್ಪೂ ಇಲ್ಲದವರನ್ನು ಎಂದು. ಧ್ವನಿ ಜೋರಾಯಿತು. ಆಗಲಿ, ಮೊದಲ ಸಲ ಸುಳ್ಳನ್ನೂ ಜೋರಾಗಿಯೇ ಹೇಳಿದ್ದೆ.

ನನ್ನ ಹಾಲು ಎರಡು ದಿನ ಬೇಡವಂತೆ. ಲತೀಶ್ ಮುಖ ಕೆಳಗೆ ಹಾಕಿ ಹೇಳಿದ.

ಮಾರ್ಚ್ 6

ಆಫ್ರಾ ಸೊಸೈಟಿಗೆ ಹೋಗಿ ಇದು ಹಾಲಿನಿಂದ ಬರುವ ರೋಗವಲ್ಲ ಎಂದು ಹೇಳಿ ಬಂದರಂತೆ. ಅಲ್ಲಿಯ ನಲ್ಲಿಯ ಹತ್ತಿರ ಸಾಬೂನು ಯಾಕಿಲ್ಲ ಎಂದು ಅವರನ್ನೇ ತರಾಟೆಗೆ ತೆಗೆದುಕೊಂಡರಂತೆ. ಇವತ್ತು ಹಾಲು ತೆಗೆದುಕೊಂಡರು. ನಲ್ಲಿಯ ಹತ್ತಿರ ಸಾಬೂನು ಕಟ್ಟಿಟ್ಟಿದ್ದಾರೆ, ದನ ಕಟ್ಟುವ ಹಗ್ಗದಲ್ಲಿ.

ಜತ್ತಪ್ಪ ರಿಪೋರ್ಟಿನ ಫೋಟೋ ಕಳಿಸಿದ. ಅವರ ಮನೆಯಲ್ಲಿ ಯಾರಿಗೂ ಇಲ್ಲ. ಕೆಳಗೆ ಏನೂ ಬರೆದಿರಲಿಲ್ಲ.

ಮಾರ್ಚ್ 19, ಬುಧವಾರ

ಒಬ್ಬರು ಬಂದಿದ್ದರು. ಹೆಸರು ಬರೆಯುವುದಿಲ್ಲ. ಅಡಿಕೆ ರೇಟಿನ ಬಗ್ಗೆ ಅರ್ಧ ಗಂಟೆ ಮಾತಾಡಿ, ಹೋಗುವಾಗ ಗೇಟಿನಲ್ಲಿ ಕೇಳಿದರು, ಆ ಟೆಸ್ಟು ಎಲ್ಲಿ ಮಾಡುವುದು ಎಂದು. ಮಾರ್ಚ್ ಮೂರರಂದು ಕ್ಯಾನು ಎತ್ತಿಕೊಂಡು ಆಚೆ ತುದಿಗೆ ಹೋದವರೇ. ಚೆನ್ನಾಗಿ ಬೈದೆ. ಇಂಥವರು ಇನ್ನೂ ಬಂದರೆ ಡಬ್ಬಿ ಬೇಕಾದೀತೆಂದು ಉಪಕೇಂದ್ರದಿಂದ ಹತ್ತಿಪ್ಪತ್ತು ತಂದೆ.

ಏಪ್ರಿಲ್ 19, ಶನಿವಾರ

ಮಂಗಳೂರಿನಲ್ಲಿ ಸ್ಕ್ಯಾನು. ಉಂಗುರ ಇಲ್ಲ. ಒಂದು ಸಣ್ಣ ಬಿಳಿ ಚುಕ್ಕಿ ಉಳಿದಿದೆ, ಒಣಗಿದ ಕಲೆಯಂತೆ. ಊತ ಇಳಿದಿದೆ. ಹೊಸತು ಯಾವುದೂ ಇಲ್ಲ. ಫಿಟ್ಸಿನ ಮಾತ್ರೆ ಇನ್ನೂ ಎರಡು ವರ್ಷ ಬೇಕಾಗಬಹುದು, ಆ ಕಲೆಯಿಂದಲೂ ಫಿಟ್ಸ್ ಬರಬಹುದು ಎಂದರು ಡಾಕ್ಟರು. ಈಜಲು ಒಬ್ಬಳನ್ನೇ ಬಿಡಬಾರದು. ಅವಳಿಗೆ ಹದಿನೈದು ಆಗುವವರೆಗೂ ನನ್ನ ಒಂದು ಹೊತ್ತಿನ ಊಟದ ಕಲೆ ಅವಳ ತಲೆಯಲ್ಲಿ.

ಹೊಸತು ಯಾವುದೂ ಇಲ್ಲ ಎಂದಾಗ ಭಾವನಾ ಕುರ್ಚಿಯ ಕೈ ಹಿಡಿದುಕೊಂಡಳು. ಪಕ್ಕದಲ್ಲಿದ್ದದ್ದು ನನ್ನ ಕೈ. ಅವಳು ಕುರ್ಚಿಯದ್ದನ್ನು ಹಿಡಿದಳು.

ಏಪ್ರಿಲ್ 20, ಭಾನುವಾರ

ಮಧ್ಯಾಹ್ನ ಒಬ್ಬ ಬಂದ, ಕಾಣಿಯೂರು ಕಡೆಯವನು, ನನಗಿಂತ ಚಿಕ್ಕವನು. ಜನಿವಾರ ಉಂಟು. ಟೆಸ್ಟಿನ ವಿಷಯ ಕೇಳಿಕೊಂಡು ಬಂದವರಲ್ಲಿ ಇವನು ಆರನೆಯವನು. ಬಿಳಿ ತುಂಡು ಕಂಡಿದ್ದಾನಂತೆ. ಮನೆಯಲ್ಲಿ ನಾಲ್ಕು ವರ್ಷದ ಮಗು ಉಂಟು.

ಮೂರು ಡಬ್ಬಿ ಕೊಟ್ಟೆ. "ಮೂರು ದಿನದ್ದು. ಹೆಂಡತಿಯದ್ದು, ಮಗುವಿನದ್ದೂ ಬೇಕು, ಇನ್ನೂ ಆರು ತೆಗೊಳ್ಳಿ."

"ಹೆಂಡತಿಗೆ ಗೊತ್ತಾಗ್ಬಾರದು ಅಣ್ಣ. ನನ್ನದು ಮಾತ್ರ ಸಾಕು."

"ಹಾಗಾದ್ರೆ ನಿಮಗೆ ಡಬ್ಬಿ ಇಲ್ಲ," ಎಂದು ಮೂರನ್ನೂ ಕೈಯಿಂದ ಕಸಿದುಕೊಂಡೆ. ಅವನು ಹೆದರಿದ. ನನಗೆ ಅವನ ಮೇಲೆ ಬಂದಷ್ಟು ಸಿಟ್ಟು ಇತ್ತೀಚೆಗೆ ಯಾರ ಮೇಲೂ ಬಂದಿರಲಿಲ್ಲ. ಹೇಗೆ ಹೇಳಿದರೆ ಇವನ ತಲೆಗೆ ಹೋಗುತ್ತದೆ ಎಂದು ಗೊತ್ತಾಗದೆ ಸುಮ್ಮನೆ ಕೂಗಾಡಿದೆ.

ಭಾವನಾ ಹೊರಗೆ ಬಂದಳು. ಜಗಲಿಯ ಕಂಬದ ಹತ್ತಿರ ಕೂತಳು. ಅವನೊಡನೆ ಮಾತಾಡಿದಳು, ಮೆಲ್ಲನೆ, ಪುಸ್ತಕದ ನಂಬರು ಓದಿ ಹೇಳುವ ಹಾಗೆ. ಯಾವ ದಿನ ಡಾಕ್ಟರು ಹೇಳಿದರು, ಯಾವ ದಿನ ಡಬ್ಬಿ ಬಂತು, ಎಲ್ಲಿ ಅಡಗಿಸಿಟ್ಟರು, ಎಷ್ಟು ಬೆಳಗ್ಗೆ ಹೋಯಿತು. ನನ್ನನ್ನು ಇವರು ಎಂದಳು, ಯಾವುದನ್ನೂ ಬಿಡಲಿಲ್ಲ, ಯಾವುದನ್ನೂ ಹೆಚ್ಚು ಮಾಡಲಿಲ್ಲ. ನಾನು ಅಲ್ಲಿಯೇ ನಿಂತು ಪೂರ್ತಿ ಕೇಳಿದೆ. ಕೊನೆಗೆ ಕೇಳಿದಳು, "ನಿಮ್ಮ ಮಗುವಿಗೆ ಊಟ ಮಾಡಿಸುದು ಯಾರು?"

"ರಾತ್ರಿ ನಾನು," ಎಂದ ಅವನು. ಚೀಲ ಬಿಚ್ಚಿದ. ಒಂಬತ್ತು ಡಬ್ಬಿ ತೆಗೆದುಕೊಂಡು ಹೋದ.

ಭಾವನಾ ಎದ್ದಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು. 'ಅಪ್ಪನಿಗೆ ಹೇಳು' ಎನ್ನಲು ತನ್ಮಯೀ ಮನೆಯಲ್ಲಿರಲಿಲ್ಲ.

"ಇನ್ನು ಎಷ್ಟುಂಟು ಡಬ್ಬಿ?"

"ಮೂರು."

"ಸಾಲದು. ನಾಳೆ ಹೋಗಿ ಇನ್ನೊಂದಿಪ್ಪತ್ತು ತನ್ನಿ."

ನಾಳೆ ಹಾಲು ಕೊಟ್ಟು ಹಾಗೆಯೇ ಹೋಗಬೇಕು. ಒಂಬತ್ತು ಗಂಟೆ ಕಳೆದರೆ ಆಫ್ರಾ ಮನೆಮನೆ ಭೇಟಿಗೆ ಹೊರಟುಬಿಡುತ್ತಾರೆ.